ಬಿಳಿ ತಲೆವಸ್ತ್ರದ ಪುಟ

ಆ ಬಟ್ಟೆಪುಸ್ತಕ ಹೊಲಿಯಲು ತಿನಾರ್‌ಗೆ ಹದಿನೆಂಟು ದಿನ ಹಿಡಿಯಿತು. ಇದ್ದದ್ದು ಐದೇ ಪುಟ. ಪ್ರತಿ ಪುಟದಲ್ಲೂ ಉಣ್ಣೆಯಿಂದ ಕತ್ತರಿಸಿದ ಒಂದೊಂದು ತಾಯಿ: ಕುದುರೆ, ಕುರಿ, ಮೇಕೆ, ನಾಯಿ, ಕೊನೆಗೆ ಒಬ್ಬ ಹೆಂಗಸು. ಮರಿಗಳೆಲ್ಲ ಬೇರೆ ಚೀಲದಲ್ಲಿ. ಮಗು ಒಂದೊಂದು ಮರಿಯನ್ನು ತೆಗೆದು, ಹೆಸರು ಹೇಳಿ, ಅದರ ತಾಯಿಯ ಪಕ್ಕದ ಗುಂಡಿಗೆ ಸಿಕ್ಕಿಸಬೇಕು. ಕೈಗೆ ಕೆಲಸ ಕೊಟ್ಟರೆ ಬಾಯಿ ತಾನಾಗಿ ತೆರೆಯುತ್ತದೆ ಎಂಬುದು ಅವಳ ಹನ್ನೊಂದು ವರ್ಷದ ಶಿಶುವಿಹಾರದ ಅನುಭವ.

ಬೇಸಿಗೆಯಲ್ಲಿ ಊರೆಲ್ಲ ಮಂದೆ ಹೊಡೆದುಕೊಂಡು ಸೊಂಕುಲ್ ಸರೋವರದ ಹುಲ್ಲುಗಾವಲಿಗೆ ಏರಿದರೆ ಶಿಶುವಿಹಾರವೂ ಹಿಂದೆಯೇ ಏರುತ್ತಿತ್ತು. ಒಂದು ಗುಡಾರ, ಒಂಬತ್ತು ಮಕ್ಕಳು. ಪುಸ್ತಕ ಎಲ್ಲ ಮಕ್ಕಳಿಗೂ ಎಂದು ತಿನಾರ್ ಹೇಳಿಕೊಂಡು ತಿರುಗಿದಳು. ಸುಳ್ಳು. ಅದು ಮಾತು ಬಿಟ್ಟಿದ್ದ ಸಾಯ್ಕಾಲ್ ಒಬ್ಬಳಿಗಾಗಿ.

ಐದು ವರ್ಷದ ಸಾಯ್ಕಾಲ್ ಅವಳೇ ಹೆತ್ತ ಮಗಳು. ಆದರೆ ಚೊಚ್ಚಲ ಮಗು ಅಜ್ಜಿಯ ಮಡಿಲಿಗೆ ಎಂಬುದು ಅವರ ಪದ್ಧತಿ. ನಲವತ್ತು ದಿನ ತುಂಬಿದ ಮೇಲೆ ಅತ್ತೆ ಬುರುಲ್ ಬಂದು ಮಗುವನ್ನು ಎತ್ತಿಕೊಂಡಳು, ಸೊಸೆ ನಗುನಗುತ್ತಲೇ ಕೊಟ್ಟಳು. ಕೊಡುವುದಿಲ್ಲ ಎನ್ನುವ ಸೊಸೆ ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ. ಒಂದೇ ಅಂಗಳ, ಎರಡು ಮನೆ. ಮಗು ಬುರುಲಳನ್ನು ಅಮ್ಮ ಎಂದಿತು, ಹೆತ್ತವಳನ್ನು ಅಕ್ಕ ಎಂದಿತು. ಆಮೇಲೆ ತಿನಾರ್‌ಗೆ ಬಸಿರು ನಿಲ್ಲಲೇ ಇಲ್ಲ. ಅಕ್ಕ ಎಂದು ಕರೆದಾಗಲೆಲ್ಲ ಓಗೊಟ್ಟಳು; ಹೊಟ್ಟೆಯೊಳಗಿನ ಸಂಕಟ ಹೊಟ್ಟೆಯೊಳಗೇ ಉಳಿಯಿತು.

ಹಿಮ ಕರಗುವ ಹೊತ್ತಿಗೆ ಬುರುಲ್ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಣ್ಣು ಮಾಡುವವರೆಗೂ ಮಗುವನ್ನು ದೂರದ ನೆಂಟರ ಮನೆಯಲ್ಲಿ ಇಟ್ಟಿದ್ದರು. ಸಾವಿನ ಸುದ್ದಿಯನ್ನು ಅಲ್ಲಿ ಯಾರೂ ತಟ್ಟನೆ ಹೇಳುವುದಿಲ್ಲ. ಮನೆಯ ಹಿರಿಯರು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತಿ ಬಳಸಿ ತಿಳಿಸಬೇಕು. ಆ ಮನೆಗೆ ಹಿರಿಯಳೆಂದರೆ ಬುರುಲ್ ಒಬ್ಬಳೇ. ಸತ್ತವಳೇ ಎದ್ದುಬಂದು ಹೇಳಬೇಕಿತ್ತೇನೋ! "ಅಮ್ಮ ಪಟ್ಟಣಕ್ಕೆ ಹೋಗಿದಾಳೆ" ಎಂದು ಎಲ್ಲರೂ ಜಾರಿಕೊಂಡರು. ಸಾಯ್ಕಾಲ್ ಒಂದು ವಾರ ಬೇಲಿಯ ಬಳಿ ನಿಂತು ಕಾದಳು. ಆಮೇಲೆ ಮಾತು ನಿಲ್ಲಿಸಿದಳು.

ಪುಸ್ತಕವನ್ನು ಮೊದಲು ನೋಡಿದವಳು ಪಕ್ಕದ ಗುಡಾರದ ಮುದುಕಿ ಕಲೀಚಾ.

"ಏನೇ ಟೀಚರಮ್ಮ, ಕುದುರೆ ಮೂಗು ಥೇಟ್ ನಿನ್ನ ಗಂಡಂದೇ!" ಎಂದು ನಕ್ಕು ಪುಟ ತಿರುಗಿಸಿದಳು. ಕೊನೆಯ ಪುಟಕ್ಕೆ ಬಂದಾಗ ನಗು ನಿಂತಿತು. "ಈ ಹಸಿರು ತಲೆವಸ್ತ್ರ ಕಟ್ಟೋಳು ಊರಲ್ಲಿ ನೀನೊಬ್ಬಳೇ ಕಣೇ."

"ಆದ್ರೇನಂತೆ? ಸಾಯ್ಕಾಲ್‌ನ ಹೆತ್ತಿದ್ದು ನಾನಲ್ವಾ?"

"ಹೆತ್ತೆ ತಾಯಿ, ಇಲ್ಲ ಅಂದೋರ್ಯಾರು? ಆದ್ರೆ ಮೊದ್ಲು ಆ ಕೂಸಿಗೆ ವಿಷಯ ಹೇಳು."

"ದೊಡ್ಡೋರು ನೀವಿದೀರಲ್ಲ ಅಜ್ಜಿ, ನೀವೇ ಹೇಳಿ."

"ನಾನು ಪಕ್ಕದ ಮನೆಯೋಳಪ್ಪ" ಎಂದು ಕಲೀಚಾ ಹಾಲಿನ ಪಾತ್ರೆ ಎತ್ತಿಕೊಂಡು ಹೊರಟೇಬಿಟ್ಟಳು.

ಮರುದಿನ ಬೆಳಿಗ್ಗೆ ಮಕ್ಕಳು ಪುಸ್ತಕದ ಸುತ್ತ ಮುಗಿಬಿದ್ದರು. ಒಬ್ಬ ಹುಡುಗ ಮೇಕೆಮರಿಯನ್ನು ನಾಯಿಗೆ ಸಿಕ್ಕಿಸಿ ಎಲ್ಲರನ್ನೂ ನಗಿಸಿದ. ಸಾಯ್ಕಾಲ್ ಸರದಿ ಬಂದಾಗ ಗಲಾಟೆ ತಾನಾಗಿ ತಗ್ಗಿತು. ಅವಳು ಕುದುರೆಮರಿಯನ್ನು ಕುದುರೆಗೆ ಸಿಕ್ಕಿಸಿದಳು, ಕುರಿಮರಿಯನ್ನು ಕುರಿಗೆ. ಒಂದೂ ತಪ್ಪಲಿಲ್ಲ, ತುಟಿಯೂ ತೆರೆಯಲಿಲ್ಲ. ಚೀಲದಲ್ಲಿ ಉಳಿದದ್ದು ಕೆಂಪು ಅಂಗಿಯ ಹುಡುಗಿಯ ಗೊಂಬೆ.

"ಇದು ಯಾರ ಹತ್ರ ಹೋಗುತ್ತೆ? ಹೇಳು ಬಂಗಾರ" ಎಂದಳು ತಿನಾರ್.

ಸಾಯ್ಕಾಲ್ ಪುಟವನ್ನು ನೋಡಿದಳು, ತಿನಾರ್ ತಲೆಯ ವಸ್ತ್ರವನ್ನು ನೋಡಿದಳು. ಗೊಂಬೆಯನ್ನು ಮುಷ್ಟಿಯಲ್ಲೇ ಹಿಡಿದು ಚಿಂದಿಬುಟ್ಟಿಯನ್ನು ಬೋರಲು ಹಾಕಿದಳು. ತಡಕಾಡಿ ಒಂದು ಬಿಳಿ ಚೂರು ತಂದು ಹಸಿರಿನ ಮೇಲೆ ಇಟ್ಟು ಅಂಗೈಯಿಂದ ಒತ್ತಿ ಹಿಡಿದಳು.

"ಅಮ್ಮ" ಎಂದಳು.

ಎಷ್ಟೋ ದಿನ ಸುಮ್ಮನಿದ್ದ ದನಿ, ಒರಟಾಗಿತ್ತು. ತಿನಾರ್‌ಗೆ ಕುಣಿಯುವಷ್ಟು ಸಂತೋಷವಾಯಿತು. ಆ ಕರೆ ತನಗಲ್ಲ ಎಂಬುದೂ ಅದೇ ಉಸಿರಿನಲ್ಲಿ ತಿಳಿಯಿತು.

"ಅಮ್ಮ ಬಿಳೀದು ಕಟ್ಕೊಳ್ತಾಳೆ. ನಿಂಗೊತ್ತಿಲ್ವಾ ಅಕ್ಕ?" ಮಗು ಮುಂದುವರಿಸಿತು. "ಪಟ್ಟಣದಿಂದ ಯಾವಾಗ ಬರ್ತಾಳೆ?"

ನಾಳೆ ಎಂದುಬಿಡಬಹುದಿತ್ತು. ಬಂದ ಮಾತು ಮತ್ತೆ ಹೋದರೆ ಎಂಬ ಭಯವೂ ಇತ್ತು. ಆದರೆ ಕೇಳುವುದಕ್ಕೆಂದೇ ಬಾಯಿ ತೆರೆದ ಮಗುವಿಗೆ ಇನ್ನೊಂದು ಸುಳ್ಳು ಹೇಳಲು ತಿನಾರ್‌ಗೆ ನಾಲಿಗೆ ಏಳಲಿಲ್ಲ. ಉಳಿದ ಮಕ್ಕಳನ್ನು ಕುದುರೆಹಾಲು ಕರೆಯುವುದನ್ನು ನೋಡಲು ಕಳಿಸಿದಳು. ಕತ್ತರಿ ತೆಗೆದುಕೊಂಡು ಹಸಿರು ವಸ್ತ್ರದ ಹೊಲಿಗೆಯನ್ನು ಬಿಚ್ಚಿದಳು. ಆ ಜಾಗದಲ್ಲಿ ಬಿಳಿಯದನ್ನು ಇಟ್ಟು ಹೊಲಿಯುತ್ತ, ಸೂಜಿಯ ಮೇಲೇ ಕಣ್ಣಿಟ್ಟು ಹೇಳಿದಳು.

"ಬರಲ್ಲ ಕಣೆ. ಅಮ್ಮ ತೀರಿಹೋದ್ಲು."

"ಸತ್ತೋದ್ಲಾ? ನಮ್ಮ ಮುದಿ ಕುದುರೆ ಥರಾನಾ?"

"ಹೂಂ."

"ನೀವೆಲ್ಲ ಪಟ್ಟಣ ಅಂದ್ರಿ."

"ಸುಳ್ಳು ಹೇಳಿದ್ವಿ. ತಪ್ಪಾಯ್ತು ನಮ್ಮಿಂದ."

ಸಾಯ್ಕಾಲ್ ಅತ್ತಳು. ಕೂಗಿ ಕೂಗಿ, ನೆಲಕ್ಕೆ ಕಾಲು ಬಡಿದು ಅತ್ತಳು. ಕಲೀಚಾ ಓಡಿಬಂದವಳು ಬಾಗಿಲಲ್ಲೇ ನಿಂತು, ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡು ಹಿಂದಿರುಗಿದಳು. ತುಂಬ ಹೊತ್ತಾದ ಮೇಲೆ ಮಗು ತಲೆಯೆತ್ತಿತು.

"ನೀನ್ಯಾಕೆ ಅಳ್ತಿದೀಯ ಅಕ್ಕ?"

"ನಂಗೂ ಅಮ್ಮಾನೇ ಅಲ್ವೇನೆ ಅವಳು? ಈ ಮನೆಗೆ ಬಂದ ದಿನದಿಂದ ಅಮ್ಮ ಅಂತಾನೇ ಕರೀತಿದ್ದೆ."

ಅದು ನಿಜವೂ ಆಗಿತ್ತು. ತನ್ನ ಮಗುವನ್ನು ಎತ್ತಿಕೊಂಡು ಹೋದವಳೇ ಬಾಣಂತನದಲ್ಲಿ ಬಿಸಿ ಸಾರು ಕುಡಿಸಿ, ತಲೆ ಬಾಚಿದವಳು. ಅವಳಿಗಾಗಿ ತಿನಾರ್ ಅಲ್ಲಿಯವರೆಗೆ ಮನಸಾರೆ ಅತ್ತಿರಲಿಲ್ಲ.

ಸಾಯ್ಕಾಲ್ ಕೆಂಪು ಅಂಗಿಯ ಹುಡುಗಿಯನ್ನು ಬಿಳಿ ತಲೆವಸ್ತ್ರದವಳ ಪಕ್ಕದ ಗುಂಡಿಗೆ ಸಿಕ್ಕಿಸಿದಳು. ನಂತರ ಬಿಚ್ಚಿಟ್ಟಿದ್ದ ಹಸಿರು ಚೂರನ್ನು ತಿನಾರ್ ಕೈಗೆ ಕೊಟ್ಟಳು.

"ಇನ್ನೊಂದು ಹುಡುಗಿ ಮಾಡು. ದೊಡ್ಡದು. ಈ ಕಡೆಗೆ."

ತಿನಾರ್ ಕತ್ತರಿಸಿದಳು. ಬಿಳಿ ತಲೆವಸ್ತ್ರದವಳ ಮತ್ತೊಂದು ಪಕ್ಕಕ್ಕೆ ಗುಂಡಿ ಹೊಲಿದಳು. ಮಗು ಹಸಿರು ಹುಡುಗಿಯನ್ನು ಸಿಕ್ಕಿಸಿ, ಬಿಗಿಯಾಗಿದೆಯೇ ಎಂದು ಎಳೆದು ನೋಡಿತು. ಪಾಠ ಪಾಠವೇ, ಹೆಸರು ಹೇಳಿಸಲೇಬೇಕು.

"ಇದ್ಯಾರು? ಹೇಳು" ಎಂದಳು ತಿನಾರ್.

"ಅಕ್ಕ" ಎಂದಳು ಸಾಯ್ಕಾಲ್, ಸ್ಪಷ್ಟವಾಗಿ.

"ಸರಿಯಾಗಿ ಹೇಳಿದೆ" ಎಂದು ಅವಳನ್ನು ಹೆತ್ತವಳು ಬೆನ್ನು ತಟ್ಟಿದಳು.