ಎಂಬತ್ತೊಂದಾದ ಮೇಲೆ ಎಂಬತ್ತಾರು

ಒಂದಾನೊಂದು ಊರಿನಲ್ಲಿ ಒಬ್ಬ ಪುಸ್ತಕ ಕಟ್ಟುವವನಿದ್ದ. ತೀರಾ ರಾಜರ ಕಾಲದ ಮಾತಲ್ಲ, ಹೋದ ವರ್ಷದ್ದು. ಅವನು ಕಟ್ಟಿದ ಪುಸ್ತಕವನ್ನು ಆನೆ ಎಳೆದರೂ ಹಾಳೆ ಕಿತ್ತು ಬರುತ್ತಿರಲಿಲ್ಲವಂತೆ. ಎಲ್ಲರಿಗೂ ಅವನು ಬೈಂಡರಣ್ಣ. ಹೆಂಡತಿ ಹಾಳೆ ಹೊಲಿಯುವಳು, ಅವನು ಅಂಟು ಹಚ್ಚುವನು, ಹದಿಮೂರರ ಮಗಳು ರಟ್ಟಿಗೆ ಬಣ್ಣದ ಕಾಗದ ಹಾಕುವಳು.

ಆ ಮಗಳು ನಾಲ್ಕು ದಿನದಿಂದ ಶಾಲೆಗೆ ಹೋಗಿರಲಿಲ್ಲ. ಕೇಳಿದರೆ ಹೊಟ್ಟೆನೋವು ಅನ್ನುತ್ತಿದ್ದಳು. ಐದನೆಯ ದಿನ ಪಕ್ಕದ ಮನೆಯ ಗೆಳತಿ ಬಣ್ಣದ ಪೆನ್ಸಿಲ್ ಡಬ್ಬಿ ಹಿಡಿದು ಬಂದಳು.

"ಆಂಟಿ, ಇದನ್ನ ನನಗೆ ಕೊಟ್ಟುಬಿಟ್ಟಳು. ಇನ್ನು ತುಂಬ ದಿನ ಇರಲ್ವಂತೆ. ಒಳಗೆಲ್ಲೋ ಗಾಯ ಆಗಿ ರಕ್ತ ಬರ್ತಿದೆಯಂತೆ."

ತಾಯಿ ಹೊಲಿಗೆ ಬಿಟ್ಟು ಎದ್ದಳು. ಮಗಳನ್ನು ತಬ್ಬಿಕೊಂಡಳು, ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕರೆಸಿದಳು.

ನರ್ಸಮ್ಮ ಕಾಗದದ ರಾಶಿಯ ಮೇಲೇ ಕೂತರು. "ಇದು ಗಾಯ ಅಲ್ಲ ಕಣೇ, ಮುಟ್ಟು. ಗರ್ಭಕೋಶದ ಒಳಪದರ ಕಳಚಿ ಹೊರಗೆ ಬರೋದು, ಅಷ್ಟೆ. ಪ್ಯಾಡನ್ನೋ, ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆಯನ್ನೋ ಹಾಕ್ಕೋ. ನಾಲ್ಕೈದು ಗಂಟೆಗೊಮ್ಮೆ ಬದಲಾಯಿಸು. ಶಾಲೆಗೂ ಹೋಗು."

"ಹಾಗಾದ್ರೆ ಸಾಯಲ್ವಾ?"

"ನೀನು ಅಜ್ಜಿಯಾಗಿ ಮೊಮ್ಮಕ್ಕಳನ್ನ ಬೈಯೋವರೆಗೂ ಇರ್ತೀಯ!"

"ಶಾಲೇಲಿ ಹೇಳಿರ್ತಾರೆ ಅಂದ್ಕೊಂಡೆ," ತಾಯಿ ಕಣ್ಣೊರೆಸಿಕೊಂಡಳು.

"ವಿಜ್ಞಾನ ಪುಸ್ತಕದಲ್ಲಿ ಇದೆಯಲ್ಲ? ತಾರೇ ಇಲ್ಲಿ."

ಮಗಳು ಹಾಳೆ ತಿರುವಿದಳು. "ಇಲ್ವಲ್ಲ ನರ್ಸಮ್ಮ. ಎಂಬತ್ತೊಂದಾದ ಮೇಲೆ ಎಂಬತ್ತಾರೇ ಬರೋದು. ಎಲ್ಲರ ಪುಸ್ತಕದಲ್ಲೂ ಹೀಗೇ."

ಬೈಂಡರಣ್ಣ ತಲೆ ತಗ್ಗಿಸಿದ. "ಆ ಪಾಠದ ಪುಟಗಳನ್ನ ನಾನೇ ಒಂದಕ್ಕೊಂದು ಅಂಟಿಸಿದ್ದು. ಶಾಲೆಯ ನಲವತ್ತು ಪುಸ್ತಕ ಕಟ್ಟೋಕೆ ಬಂದಾಗ ಹೆಡ್‌ಮಾಸ್ಟರು ಹೇಳಿದ್ರು. ನೀಟಾಗಿ ಮಾಡಿದೀಯ ಅಂತ ಬೆನ್ನು ಬೇರೆ ತಟ್ಟಿದ್ರು... ಇವೆಲ್ಲ ಓದಿದ್ರೆ ಮಕ್ಕಳು ಕೆಡಲ್ವಾ ನರ್ಸಮ್ಮ?"

"ಪುಟ ಅಂಟಿಸಿದ್ರೆ ಮಕ್ಕಳು ಬೆಳೆಯೋದು ನಿಲ್ಲುತ್ತಾ ಅಣ್ಣ? ಹುಡುಗರಿಗೂ ಧ್ವನಿ ಒಡೆಯುತ್ತೆ, ನಿದ್ದೆಯಲ್ಲಿ ವೀರ್ಯ ಹೋಗುತ್ತೆ. ಅದನ್ನ ರೋಗ ಅಂತ ಹೆದರ್ಕೊಂಡು ಸೊರಗ್ತಾರೆ. ಯಾರಾದ್ರೂ ಕೆಟ್ಟದಾಗಿ ಮುಟ್ಟಿದ್ರೆ ಬೇಡ ಅನ್ನಬೇಕು, ನಂಬಿದ ದೊಡ್ಡವರಿಗೆ ಹೇಳಬೇಕು ಅನ್ನೋದೂ ಆ ಪಾಠದಲ್ಲೇ ಇದೆ. ನಾವು ಹೇಳದಿದ್ರೆ ಯಾರ್ಯಾರೋ ಫೋನಲ್ಲಿ ಏನೇನೋ ತೋರಿಸ್ತಾರೆ. ಅದು ಪರವಾಗಿಲ್ವಾ?"

"ನಮ್ಮ ಕ್ಲಾಸಲ್ಲಿ ಇನ್ನೂ ಮುಟ್ಟಾಗದವರು ಇದ್ದಾರಪ್ಪ," ಅಂದಳು ಮಗಳು. "ಅವರೂ ನನ್ನ ಹಾಗೇ ಹೆದರಬೇಕಾ?"

ಅಪ್ಪ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡ. "ಬಿಡಿಸಿಕೊಡ್ತೀನಿ ಮಗಳೇ. ನಲವತ್ತನ್ನೂ."

ಹೆಡ್‌ಮಾಸ್ಟರು ಮೊದಲು ಒಪ್ಪಲಿಲ್ಲ. "ಜನ ಬಂದು ಗಲಾಟೆ ಮಾಡಿದ್ರೆ ಏನಯ್ಯ ಹೇಳ್ಲಿ?"

"ಬೈಂಡರನ ಮಗಳು ಸಾಯ್ತೀನಿ ಅಂದ್ಕೊಂಡು ಪೆನ್ಸಿಲ್ ಡಬ್ಬಿ ದಾನ ಮಾಡಿದ್ಲು ಅಂತ ಹೇಳಿ ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು. "ಮಕ್ಕಳ ಹತ್ರ ಇರೋ ಪುಸ್ತಕ ಎಲ್ಲ ಒಟ್ಟು ಮಾಡಿಸ್ತೀನಿ, ತಗೊಂಡು ಹೋಗು. ಸೋಮವಾರ ಪಾಠ ಇಡಿಸ್ತೀನಿ, ಹುಡುಗರಿಗೂ ಹುಡುಗಿಯರಿಗೂ. ನರ್ಸಮ್ಮಂಗೂ ಬರೋಕೆ ಹೇಳು."

ಭಾನುವಾರ ಬೆಳಗ್ಗೆಯೇ ಒಲೆಯ ಮೇಲೆ ಕೆಟಲ್ ಕುದಿಯಿತು. ಅಂಟಿದ ಅಂಚನ್ನು ಆವಿಗೆ ಹಿಡಿದು ಮೆತ್ತಗಾಗಿಸಿ, ತೆಳ್ಳನೆಯ ಸ್ಕೇಲು ತೂರಿಸಿ ಬಿಡಿಸಬೇಕು. ಅಂಟಿಸುವಾಗ ಒಂದು ಗಂಟೆ ಹಿಡಿದ ಕೆಲಸ, ಬಿಡಿಸುವಾಗ ಇಡೀ ದಿನ ಹಿಡಿಯಿತು. ತಾಯಿ ನೀರು ತುಂಬಿದಳು. ಮಗಳು ಒದ್ದೆ ಹಾಳೆಗಳ ನಡುವೆ ಒಣ ಕಾಗದ ಇಡುತ್ತಾ ಗಟ್ಟಿಯಾಗಿ ಓದಿದಳು. ಅಪ್ಪ ಮೊದಮೊದಲು ಕೆಮ್ಮಿದ. ಆಮೇಲೆ "ಹೌದಾ?" ಅಂದ. ಇಪ್ಪತ್ತನೆಯ ಪುಸ್ತಕದ ಹೊತ್ತಿಗೆ "ಇನ್ನೊಂದ್ಸಲ ಓದು" ಅಂದ.

ಅವನು ಕೊನೆಯ ಪುಸ್ತಕವನ್ನು ಆವಿಗೆ ಹಿಡಿದಿರುವಾಗ, ನಿಮಗೊಂದು ಮಾತು. ಮೈ ಬದಲಾಗುವ ಮೊದಲೇ ನಿಮ್ಮ ಮಕ್ಕಳಿಗೆ ಹೇಳಿ. ಹೆಣ್ಣಿಗೂ ಹೇಳಿ, ಗಂಡಿಗೂ ಹೇಳಿ. ನಾಚಿಕೆಯಾದರೆ ನಾಚಿಕೊಂಡೇ ಹೇಳಿ. ನಿಮಗೆ ಗೊತ್ತಿಲ್ಲದ್ದನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ. ಈ ಪಾಠ ಯಾವತ್ತು ಮಾಡ್ತೀರಿ ಅಂತ ಶಾಲೆಗೆ ಹೋಗಿ ವಿಚಾರಿಸಿ.

ನಲವತ್ತನೆಯ ಪುಸ್ತಕದ ಹಾಳೆ ಮೆಲ್ಲಗೆ ಬಿಟ್ಟುಕೊಂಡಿತು. ಬೈಂಡರಣ್ಣ ಒಲೆ ಆರಿಸಿದ.