ಪೊಟರೆಗೆ ಕೈ ಹಾಕುವ ತೊಕುಜಿ

ಮಿನೊವಾ ತೊಕುಜಿಯವರು ಯಾವ ಗೂಡನ್ನೂ ಮೊದಲು ಕಣ್ಣಿನಿಂದ ನೋಡಿದವರಲ್ಲ, ಮೂಸಿದವರು. ಮರದ ಪೊಟರೆಗೆ ಮೊಣಕೈವರೆಗೂ ಕೈ ಇಳಿಸಿ, ಚಿಟಿಕೆಯಷ್ಟು ಈಚೆ ತೆಗೆದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ "ಹೂಂ" ಎಂದರೆಂದರೆ ತೀರ್ಪು ಹೊರಬಿತ್ತೆಂದೇ ಅರ್ಥ. ಸುಗಿ ಮರದ ತೊಗಟೆಯನ್ನು ಹತ್ತಿಯಷ್ಟು ನವಿರಾಗಿ ಸಿಗಿದು ತುಂಬಿದ್ದರೆ ಅದು ಹಾರುವ ಅಳಿಲಿನ ಶಯನಗೃಹ. ಪಾಚಿಯ ಮೇಲೆ ಕೂದಲು ಹಾಸಿದ್ದರೆ ಚೇಕಡಿ ಹಕ್ಕಿಯ ಬಾಣಂತಿ ಕೋಣೆ. ಬರೀ ಒಣ ಚಕ್ಕೆಗಳಿದ್ದರೆ ತಲೆಕೆಳಗಾಗಿ ಮರವಿಳಿಯುವ ಆ ಪುಟ್ಟ ನೀಲಿಬೆನ್ನಿನ ಹಕ್ಕಿಯದು.

ಸದಾ ಕೊಂಬೆಗಳನ್ನೇ ನೋಡುತ್ತ ನಡೆಯುವವರಾದ್ದರಿಂದ ಊರಿನಲ್ಲಿ ಅವರು ಎಡವದ ಕಲ್ಲು ಉಳಿದಿರಲಿಲ್ಲ. ತಮ್ಮ ನರಿತುಪ್ಪಳದ ಕಾಲರಿನ ಕೋಟನ್ನು ಪ್ರತಿ ಏಪ್ರಿಲ್‌ನಲ್ಲಿ ಅಂಗಳದ ಪರ್ಸಿಮನ್ ಹಣ್ಣಿನ ಮರಕ್ಕೆ ತೂಗುಹಾಕುವರು. ಚೇಕಡಿಗಳು ಬಂದು ಕಾಲರಿನ ಕೂದಲು ಕಿತ್ತೊಯ್ಯುವವು. "ತೊಕುಸಾನ್, ನಿನ್ ತಲೆಗಿಂತ ಮೊದ್ಲು ನಿನ್ ಕೋಟು ಬೋಳಾಯ್ತಲ್ಲೋ!" ಎಂದು ಚಿಜುಕೊ ಛೇಡಿಸುತ್ತಿದ್ದರು. ಶಾಲೆಯಲ್ಲಿ ಅವರೊಡನೆ ಒಂದೇ ಬೆಂಚಿನಲ್ಲಿ ಕೂತು ಕಲಿತ ಆಕೆ ಈಗ ನಮ್ಮ ದೇಗುಲದ ಸಮಿತಿಗೆ ಹಿರಿಯರು.

ತೊಕುಜಿಯವರ ಬಾಯಲ್ಲಿ ಬಾರದ ಮಾತೊಂದೇ, "ತಪ್ಪಾಯಿತು." ಒಮ್ಮೆ ಹಲ್ಲು ಕೀಳಿಸಲು ಮಾತ್ಸುಮೊತೊ ಪಟ್ಟಣಕ್ಕೆ ಹೊರಟವರು ಎದುರು ದಿಕ್ಕಿನ ರೈಲು ಹತ್ತಿ, ಗೊತ್ತಿಲ್ಲದ ನಿಲ್ದಾಣದಲ್ಲಿಳಿದು, ಸಂಜೆ ಊದಿದ ಕೆನ್ನೆಯೊಡನೆ ಮರಳಿ, "ಅಲ್ಲೊಂದು ಮರ ನೋಡೋದಿತ್ತು" ಎಂದುಬಿಟ್ಟರು.

ಆ ವರ್ಷ ನವೆಂಬರ್‌ನಲ್ಲಿ ದೇಗುಲದ ಸೂರಿನತ್ತ ವಾಲಿದ ಮುದಿ ಓಕ್ ಮರವನ್ನು ಹಿಮ ಬೀಳುವ ಮೊದಲೇ ಕಡಿಯುವುದೆಂದು ನಿಶ್ಚಯವಾಯಿತು. ಪೊಟರೆಯುಳ್ಳ ಮರಕ್ಕೆ ಗರಗಸವಿಡುವ ಮುನ್ನ ಒಳಗೆ ಯಾರೂ ಇಲ್ಲವೆಂದು ಒಬ್ಬರು ಬಾಯಿಬಿಟ್ಟು ಹೇಳಬೇಕೆಂಬುದು ನಮ್ಮಲ್ಲಿಯ ರೂಢಿ. ತೊಕುಜಿಯವರು ಮೇಲಿನಿಂದ ಹಿಡಿಯಷ್ಟು ಪಾಚಿ ತೆಗೆದು ಮೂಸಿ, "ಹಳೇ ಚೇಕಡಿ ಗೂಡು. ಖಾಲಿ" ಎಂದರು. ಅಂದು ಸಂಜೆ ಮನೆಗೆ ತಂದಿದ್ದ ಆ ಪಾಚಿಯನ್ನು ಪತ್ರಿಕೆಯ ಮೇಲೆ ಹರಡಿ ನೋಡಿದರು. ಪಾಚಿಯ ಒಳಮೈಗೆ ಅಂಟಿದ್ದುದು ಕೂದಲಲ್ಲ, ಎಳೆಎಳೆಯಾಗಿ ಸುಲಿದ ತೊಗಟೆ. ಹೊರಗೆ ಪಾಚಿ, ಒಳಗೆ ತೊಗಟೆ: ಹೀಗೆ ಗೂಡು ಸುತ್ತುವುದು ಯಮಾನೆ, ಬೆನ್ನ ಮೇಲೊಂದು ಕರಿಗೆರೆಯುಳ್ಳ, ಹೆಬ್ಬೆರಳಷ್ಟೇ ದೊಡ್ಡ, ಚಳಿಗಾಲವಿಡೀ ಉಂಡೆಯಾಗಿ ನಿದ್ರಿಸುವ ಇಲಿಯಂಥ ಜೀವಿ.

ಮರುದಿನ ಬೆಳಿಗ್ಗೆ ಚಿಜುಕೊ ಬುಡಕ್ಕೆ ಸಾಕೆ ಎಂಬ ಅಕ್ಕಿಮದ್ಯ ಸುರಿದು ಮರದ ಕ್ಷಮೆ ಕೇಳುತ್ತಿದ್ದರು, ಕಡಿಯುವವರಿಬ್ಬರು ಗರಗಸ ಹಿಡಿದು ನಿಂತಿದ್ದರು; ತೊಕುಜಿಯವರು ಏದುಸಿರು ಬಿಡುತ್ತ ಓಡಿಬಂದರು.

"ನಿಲ್ಸಿ! ಒಳಗೆ ಯಮಾನೆ ಮಲಗಿರ್ಬಹುದು."

"ನಿನ್ನೆ ಖಾಲಿ ಅಂದ್ಯಲ್ಲ?" ಎಂದರು ಚಿಜುಕೊ.

"ಅಂದೆ."

"ಹಾಗಾದ್ರೆ ಕೈ ಹಾಕಿ ತೋರ್ಸು. ಇದ್ರೆ ಬಿಡೋಣ."

"ಕೈ ಹಾಕಿದ್ರೆ ಎಚ್ಚರ ಆಗತ್ತೆ. ಈ ಚಳೀಲಿ ಎಚ್ಚರಾದ್ರೆ ಮೈಯಲ್ಲಿರೋ ಕೊಬ್ಬು ಕರಗಿ ಸಾಯತ್ತೆ."

"ಚೆನ್ನಾಗಿದೆ! ನೋಡೋ ಹಾಗೂ ಇಲ್ಲ, ಬರೀ ನಂಬಬೇಕು. ಅದೂ ನಿನ್ನೆ ಒಂದು, ಇವತ್ತು ಒಂದು ಹೇಳೋ ನಿನ್ ಬಾಯನ್ನ. ಹಿಮಕ್ಕೆ ಕೊಂಬೆ ಮುರ್ದು ಸೂರು ಹೋದ್ರೆ ಯಾರಪ್ಪಾ ಹೊಣೆ?"

ತೊಕುಜಿಯವರು ಟೋಪಿ ತೆಗೆದರು. ಸೊಂಟದವರೆಗೂ ಬಾಗಿದರು.

"ತಪ್ಪಾಯ್ತು, ಚಿಜುಕೊ. ಪಾಚಿ ಮಾತ್ರ ಮೂಸಿದೆ. ಒಳಪದರ ನೋಡ್ಲಿಲ್ಲ. ನಂದೇ ತಪ್ಪು."

ಕಡಿಯುವವರಲ್ಲೊಬ್ಬ ಗರಗಸವನ್ನು ಕೆಳಗಿಟ್ಟ. ಚಿಜುಕೊ ಆ ಬಾಗಿದ ತಲೆಯ ಹತ್ತಿರ ಬಂದರು.

"ಏಳೋ ಮಾರಾಯ. ಅರವತ್ತು ವರ್ಷದಲ್ಲಿ ಈ ಮಾತು ನಿನ್ ಬಾಯಲ್ಲಿ ಕೇಳಿಲ್ಲ ನಾನು. ಇದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರ್ಲಿ? ಸೂರಿಗೆ ಆಸರೆ ಕಂಬ ಕೊಡೋಣ, ಮರ ಮೇ ತಿಂಗಳವರೆಗೆ ಇರ್ಲಿ."

ಆ ಚಳಿಗಾಲ ಹಿಮ ಬಿದ್ದಾಗಲೆಲ್ಲ ತೊಕುಜಿಯವರೇ ಏಣಿ ಹತ್ತಿ ಕೊಂಬೆಗಳ ಭಾರ ಕೊಡವಿದರು. ಮೇ ತಿಂಗಳಲ್ಲಿ ಕೈ ಇಳಿಸಿದಾಗ ಪೊಟರೆ ಖಾಲಿಯಿತ್ತು. ನಿದ್ದೆ ಮುಗಿಸಿ ಎದ್ದು ಹೋಗಿತ್ತೋ, ಮೊದಲೇ ಇರಲಿಲ್ಲವೋ, ಅವರಿಗೂ ತಿಳಿಯಲಿಲ್ಲ, ತಿಳಿಯದೆಂದೇ ಹೇಳಿದರು. ಆ ವಾರವೇ ಮರವನ್ನು ಕಡಿದುರುಳಿಸಿದರು.

ಇಂಥವರನ್ನು ನಾವು ಹಟಮಾರಿಗಳೆಂದು ಕರೆದು ನಕ್ಕು ಸುಮ್ಮನಾಗುತ್ತೇವೆ. ತಮ್ಮ ಸುಖಕ್ಕಾಗಲಿ, ನೋಯುವ ಹಲ್ಲಿಗಾಗಲಿ ಇವರು ಎಂದೂ ಬಗ್ಗುವವರಲ್ಲ, ನಿಜ. ಆದರೆ ಹೆಬ್ಬೆರಳಷ್ಟು ಜೀವವೊಂದು ಎಲ್ಲೋ ಮಲಗಿರಬಹುದು ಎಂಬ ಬರೀ ಅನುಮಾನಕ್ಕೆ, ನಾಲ್ಕು ಜನರ ಮುಂದೆ, ಬಾಗಬಲ್ಲರು.