ಸರ್ವರ್ ಕೆಟ್ಟಿರಲಿಲ್ಲ

"ಏಯ್, ಒಳಗೇನು ಹೆರಿಗೆ ಆಗ್ತಿದೆಯೇನೇ? ಎಷ್ಟೊತ್ತು?"

ಮೇಜಿನ ಕೆಳಗೆ ಮಂಡಿಯೂರಿದ್ದವಳ ಬೆನ್ನಿಗೆ ಮ್ಯಾನೇಜರನ ಮಾತು ಬಿತ್ತು. ಅವನು ಕುರ್ಚಿ ಬಿಟ್ಟು ಎದ್ದಿರಲಿಲ್ಲ, ಕಾಲೂ ಸರಿಸಿರಲಿಲ್ಲ. ಅವನ ಎರಡು ಬೂಟುಗಳ ನಡುವೆ ಕೈ ತೂರಿಸಿ ಅವಳು ಧೂಳಿನಲ್ಲಿ ಕೇಬಲ್ಲಿನ ತುದಿ ತಡಕುತ್ತಿದ್ದಳು. ಸಿಕ್ಕಿತು. ಗೋಡೆಯಿಂದ ಕಿತ್ತು ಬಂದಿತ್ತು, ಮೇಲೆ ಬೂಟಿನ ಗುರುತು.

"ಕೇಬಲ್ ಕಿತ್ತಿತ್ತು ಸರ್. ಕಾಲು ತಾಗಿದೆ."

"ಯಾರ ಕಾಲು?"

ಆ ಮೇಜಿನ ಕೆಳಗೆ ಇನ್ಯಾರ ಕಾಲಿರುತ್ತದೆ? ಅವಳು ಕೇಬಲ್ಲನ್ನು ಗೋಡೆಗೆ ಮತ್ತೆ ಚುಚ್ಚಿದಳು.

"ನೆಟ್ಟಗೆ ಕೆಲಸ ಮಾಡೋಕ್ಕೆ ಬರಲ್ಲ, ನನ್ನ ಕಾಲಿಗೆ ತಪ್ಪು ಹೊರಿಸ್ತಾಳೆ ಬೋಸುಡಿ."

ಆ ಆರು ಮಹಡಿಯ ಕಚೇರಿಯಲ್ಲಿ ಅವಳನ್ನು ವೈರಕ್ಕ ಅನ್ನುತ್ತಿದ್ದರು. ನಾನ್ನೂರು ಕಂಪ್ಯೂಟರು, ಅಷ್ಟೂ ಜನರ ಮೇಲ್ ಹೋಗಿಬರುವ ಸರ್ವರ್, ಎಲ್ಲದರ ಕಾಯಿಲೆಗೂ ಅವಳೇ ಮದ್ದು. ಆದರೂ ಗುತ್ತಿಗೆಯ ಆಳು. ಅವಳ ಅತ್ತೆ ಅದೇ ಕಟ್ಟಡದ ನೆಲವನ್ನು ಹದಿನೆಂಟು ವರ್ಷದಿಂದ ಒರೆಸುತ್ತಿದ್ದಳು. ಮಗ ಲಾರಿ ಹತ್ತಿ ದೂರ ಹೋದಾಗಲೆಲ್ಲ ಸೊಸೆಯನ್ನು ಕಂಪ್ಯೂಟರ್ ರಿಪೇರಿಯ ತರಗತಿಗೆ ಅಟ್ಟಿದವಳೂ ಅವಳೇ. "ಕಸಬರಿಗೆ ನನ್ನ ಕೈಗೇ ಸಾಕು ಕಣೆ. ನಿನ್ನ ಕೈ ಬೇರೆ ಏನಾದ್ರೂ ಹಿಡೀಲಿ" ಅಂದಿದ್ದಳು.

ವೈರಕ್ಕ ಎದ್ದು ಮಂಡಿಯ ಧೂಳು ಕೊಡವಿ ಹೊರಟಳು.

"ನಿಲ್ಲು. ಬಾಗಿಲು ಹಾಕು. ನಿಮ್ಮತ್ತೆ ಹೇಗಿದ್ದಾಳೆ?"

"ಸೊಂಟ ಮುರಿದಿದೆ ಸರ್. ಇನ್ನು ನಡೆಯೋದು ಅನುಮಾನ ಅಂದ್ರು."

"ಪಾಪ. ನೋಡ್ಕೊಂಡು ಕಾಲಿಡ್ಬೇಕಿತ್ತು." ಒಂದು ಹಾಳೆಯನ್ನು ಅವಳತ್ತ ತಳ್ಳಿದ. "ಹಿಂದಿನ ಲಿಫ್ಟು ಕೆಟ್ಟಿದೆ ಅಂತ ಕ್ಲೀನಿಂಗ್‌ನವರು ಮೂರು ಮೇಲ್ ಹಾಕಿದ್ರಂತೆ. ನನಗೆ ಒಂದೂ ಬಂದಿಲ್ಲ. ಆಗ ಸರ್ವರ್ ಕೆಟ್ಟಿತ್ತು, ಅಲ್ವಾ?"

"ಕೆಟ್ಟಿರಲಿಲ್ಲ ಸರ್."

"ಕೆಟ್ಟಿತ್ತು ಅಂತ ಇದರಲ್ಲಿ ಬರೆದಿದೆ. ನೀನು ಸೈನ್ ಹಾಕ್ತೀಯ, ಅಷ್ಟೆ. ನಾಳೆ ಕಾರ್ಮಿಕ ಇಲಾಖೆಯೋರು ಬರ್ತಾರೆ. ಇಲ್ಲಾಂದ್ರೆ ನೀನೂ ನಿಮ್ಮತ್ತೆ ಮಂಚದ ಪಕ್ಕ ಕೂತು ನೊಣ ಹೊಡಿ."

ಅವಳು ಹಾಳೆ ಮಡಿಸಿಕೊಂಡು, "ನಾಳೆ ತರ್ತೀನಿ ಸರ್" ಎಂದಳು.

ಆ ಮೂರೂ ಮೇಲ್ ಟೈಪ್ ಮಾಡಿದ್ದು ಅವಳೇ. ಕಸದವರು ಮುಂದಿನ ಲಿಫ್ಟ್ ಹತ್ತುವಂತಿರಲಿಲ್ಲ. ಅವರಿಗಿದ್ದ ಹಿಂದಿನ ಸಾಮಾನು ಲಿಫ್ಟಿನ ಬಾಗಿಲು, ಒಳಗಿನ ಡಬ್ಬಿ ಬರುವ ಮೊದಲೇ ತೆರೆದುಕೊಳ್ಳುತ್ತಿತ್ತು. ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಅತ್ತೆ ಹೇಳಿ ಬರೆಸಿದ್ದಳು: "ಬಾಗಿಲು ಬಾಯಿ ಬಿಡುತ್ತೆ, ಒಳಗೆ ಏನೂ ಇರಲ್ಲ, ಕೆಳಗೆ ಬಾವಿ ಥರ ಕಾಣುತ್ತೆ ಅಂತ ಬರಿ. ದಮ್ಮಯ್ಯ ಅಂತ ಬರೀಬೇಡ. ನಾವೇನು ಭಿಕ್ಷೆ ಕೇಳ್ತಿಲ್ಲ."

ಮೊದಲ ಎರಡಕ್ಕೆ ಸದ್ದಿಲ್ಲ. ಮೂರನೆಯದಕ್ಕೆ ಮ್ಯಾನೇಜರ್ ತನ್ನ ಜೊತೆಯ ಇನ್ನೊಬ್ಬ ಅಧಿಕಾರಿಗೆ ಉತ್ತರ ಬರೆದ. ಬರೆಯುವಾಗ ಎಲ್ಲರಿಗೂ ಹೋಗುವ ಗುಂಡಿ ಒತ್ತಿಬಿಟ್ಟ. ಹಾಗಾಗಿ ಅದು ಕ್ಲೀನಿಂಗ್ ವಿಭಾಗದ ಮೇಲ್ ಪೆಟ್ಟಿಗೆಗೂ ಬಂದು ಬಿತ್ತು. ವೈರಕ್ಕ ಓದಿ, ತಕ್ಷಣ ಪರದೆ ಮುಚ್ಚಿದಳು.

"ಏನಂತೆ?" ಅತ್ತೆ ಕೇಳಿದ್ದಳು.

"ನೋಡ್ತಾರಂತೆ ಅತ್ತೆ."

ಅದಾಗಿ ಹನ್ನೊಂದನೆಯ ದಿನ ಅತ್ತೆ ನೀರಿನ ಬಕೆಟ್ ಹಿಡಿದು, ಬಾಗಿಲು ತೆರೆಯಿತೆಂದು ಹಿಂದೆಹಿಂದಕ್ಕೆ ಹೆಜ್ಜೆ ಇಟ್ಟಿದ್ದಳು.

ಸಂಜೆ ಆಸ್ಪತ್ರೆಯಲ್ಲಿ ಅತ್ತೆಯ ಕಾಲಿಗೆ ತೂಕ ಕಟ್ಟಿ ನೇತುಹಾಕಿದ್ದರು. ವೈರಕ್ಕ ಹಾಳೆಯ ವಿಷಯ ಹೇಳಿದಳು. ಆಮೇಲೆ, ತಡೆಯಲಾಗದೆ, ಆ ಉತ್ತರದ ವಿಷಯವನ್ನೂ.

"ಓದು" ಎಂದಳು ಅತ್ತೆ.

"ಬೇಡ ಅತ್ತೆ."

"ಓದೇ."

ಅವಳು ಫೋನ್ ತೆಗೆದು ಓದಿದಳು. "ರಾಣಿಯರಿಗೆ ಲಿಫ್ಟ್ ರಿಪೇರಿ ಆಗಬೇಕಂತೆ. ಮೆಟ್ಟಿಲು ಹತ್ತಲಿ, ಕೊಬ್ಬು ಕರಗುತ್ತೆ. ಯಾರಾದರೂ ಬಿದ್ದಾಗ ನೋಡೋಣ."

ಅತ್ತೆ ಚಾವಣಿ ನೋಡುತ್ತಿದ್ದಳು. "ಕೊಬ್ಬಂತೆ. ಅವನಮ್ಮನ್! ನನ್ನ ಮೈಯಲ್ಲಿ ಒಂದು ಹಿಡಿ ಕೊಬ್ಬಿದ್ದಿದ್ರೆ ಈ ಮೂಳೆ ಇಷ್ಟು ಚೂರಾಗ್ತಿತ್ತೇನೇ?" ನಕ್ಕಳು. ನಗು ಸೊಂಟಕ್ಕೆ ಚುಚ್ಚಿ ಉಸಿರು ಸಿಕ್ಕಿಹಾಕಿಕೊಂಡಿತು. ಆಮೇಲೆ ತಣ್ಣಗೆ ಹೇಳಿದಳು: "ನೀನು ಅವತ್ತೇ ಹೇಳಿದ್ದಿದ್ರೆ, ನಾನು ಆ ಡಬ್ಬಿ ಹತ್ರ ಹೋಗ್ತಿರಲಿಲ್ಲ."

"ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ..."

"ಮನಸ್ಸು ಗಟ್ಟಿಯಾಗೇ ಇದೆ. ಸೊಂಟ ಹೋಯ್ತು."

"ಈಗೇನು ಮಾಡ್ಲಿ ಅತ್ತೆ?"

"ನನ್ನ ಕೇಳ್ಬೇಡ. ಸುಳ್ಳು ಹೇಳೋವಾಗ ಕೇಳಿದ್ಯಾ?" ಎಂದು ಮುಖ ಗೋಡೆಯತ್ತ ಹೊರಳಿಸಿದಳು. ಹೊರಳಿಸಲಾದದ್ದು ಅದೊಂದೇ.

ಮರುದಿನ ಮಧ್ಯಾಹ್ನ ಸಭೆಯ ಕೋಣೆಯಲ್ಲಿ ಇಲಾಖೆಯ ಅಧಿಕಾರಿ ಕಡತ ಬಿಚ್ಚಿ ಕೇಳಿದ, "ಮೇಲ್ ಯಾಕೆ ತಲುಪಲಿಲ್ಲ?"

ಮ್ಯಾನೇಜರ್ ಅವಳತ್ತ ಕೈ ತೋರಿಸಿದ. "ನಮ್ಮ ಟೆಕ್ನಿಷಿಯನ್ ಬರೆದುಕೊಟ್ಟಿದ್ದಾಳೆ ಸರ್."

ವೈರಕ್ಕ ಸೈನ್ ಹಾಕದ ಹಾಳೆಯನ್ನು ಮೇಜಿನ ಮೇಲಿಟ್ಟಳು. "ತಲುಪಿದೆ ಸರ್. ಮೂರೂ ತಲುಪಿವೆ. ಮೂರನೇದನ್ನ ಇವರು ಓದಿದ್ದು ಹನ್ನೊಂದೂ ಇಪ್ಪತ್ತಕ್ಕೆ. ಹನ್ನೊಂದೂ ಇಪ್ಪತ್ತಾರಕ್ಕೆ ಉತ್ತರಾನೂ ಬರೆದಿದ್ದಾರೆ." ಉತ್ತರವನ್ನು ಬಾಯಿಪಾಠದಂತೆ ಹೇಳಿದಳು, ಕೊಬ್ಬು ಅನ್ನುವ ಪದವನ್ನೂ ಬಿಡದೆ.

ಮ್ಯಾನೇಜರನ ಕತ್ತು ಕೆಂಪಾಯಿತು. "ಫೋನಲ್ಲಿ ಏನು ಬೇಕಾದ್ರೂ ಹುಟ್ಟಿಸಬಹುದು ಸರ್, ಇವಳ ಅತ್ತೇನೇ ಅಲ್ವಾ ಬಿದ್ದಿದ್ದು."

"ಸರ್ವರಲ್ಲಿ ದಾಖಲೆ ಇದೆ ಸರ್. ಈಗಲೇ ಬನ್ನಿ, ತೋರಿಸ್ತೀನಿ."

ಅಧಿಕಾರಿ ಗಡಿಯಾರ ನೋಡಿದ. ಮ್ಯಾನೇಜರ್ ಎದ್ದು ನಿಂತ. "ತೋರಿಸೋಣ ಸರ್, ಎಲ್ಲಿಗೆ ಓಡಿಹೋಗುತ್ತೆ? ಊಟ ಮುಗಿಸ್ಕೊಂಡು ಬರೋಣ." ಇಬ್ಬರೂ ಹೊರಟರು. ಬಾಗಿಲ ಬಳಿ ಮ್ಯಾನೇಜರ್ ಫೋನಿಗೆ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು: "ಅರ್ಧ ಗಂಟೆ ಸಾಕಲ್ವಾ? ಎಲ್ಲಾ ಅಳಿಸಿಬಿಡು."

ವೈರಕ್ಕ ಮೆಟ್ಟಿಲಲ್ಲಿ ಓಡಿ ಇಳಿದಳು. ಆರು ಮಹಡಿ. ಸರ್ವರ್ ಕೋಣೆಯ ಕಬ್ಬಿಣದ ಬಾಗಿಲು ಎಳೆದು ಒಳಗಿನ ಚಿಲಕ ಹಾಕಿದಳು. ಯಂತ್ರ ನಿಲ್ಲಿಸಿದಳು. ಕಚೇರಿಯ ನಾನ್ನೂರು ಜನರ ಮೇಲ್ ಒಮ್ಮೆಲೇ ನಿಂತುಹೋಯಿತು. ಮೇಲ್‌ಗಳಿದ್ದ ಎರಡು ಡಿಸ್ಕ್ ಹೊರಗೆಳೆದು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಡಿಸ್ಕುಗಳು ಇನ್ನೂ ಬಿಸಿಯಾಗಿದ್ದವು.

ಹತ್ತು ನಿಮಿಷಕ್ಕೆ, ಅಳಿಸಲು ಬಂದವನೂ ಕಾವಲಿನವರೂ ಬಾಗಿಲು ಗುದ್ದತೊಡಗಿದರು. "ತೆಗಿಯೇ ಲೌಡಿ! ಕಳ್ಳಿ ಅಂತ ಕೇಸ್ ಹಾಕಿಸ್ತೀನಿ!"

"ಇಲಾಖೆ ಸಾಹೇಬ್ರನ್ನ ಕರ್ಕೊಂಡು ಬಾ. ಅವರ ಕೈಗೆ ಕೊಡ್ತೀನಿ."

ಹೊರಗಿಂದ ಕರೆಂಟ್ ತೆಗೆದರು; ಎಸಿ ನಿಂತಿತು. ದೀಪ ಆರಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹಾಡುಹಗಲೇ ಕಗ್ಗತ್ತಲು. ಸೆಕೆ ಏರತೊಡಗಿತು. ಸಾಹೇಬರು ಊಟ ಮುಗಿಸಿ ವಾಪಸ್ ಬರುತ್ತಾರೆಂದು ಹೇಳಿದ್ದು ಮ್ಯಾನೇಜರ್ ಮಾತ್ರ.

ಆಗ ಬಾಗಿಲ ಆಚೆ ಬಳೆಗಳ ಸದ್ದು. ಕಸದ ಹೆಂಗಸೊಬ್ಬಳ ದನಿ: "ವೈರಕ್ಕಾ, ನಾವು ಕಣೇ. ಅಡ್ಡ ಕೂತಿದ್ದೀವಿ."

"ಎಷ್ಟು ಜನ?"

"ಏಳು."

"ಇವರನ್ನ ಎಳೆದು ಹಾಕ್ರೋ" ಎಂದಿತು ಗಂಡು ದನಿ. ಬೂಟುಗಳ ಸದ್ದು, ಬಕೆಟ್ ಉರುಳಿದ ಸದ್ದು, ಯಾರೋ ಯಾರದೋ ತಾಯಿಯನ್ನು ಬೈದದ್ದು.

"ಈಗ ಎಷ್ಟು ಜನ?" ವೈರಕ್ಕ ಕೂಗಿದಳು.

"ನಾಲ್ಕು."

ಮತ್ತೆ ಗಲಾಟೆ. ಬಾಗಿಲು ಅವಳ ಬೆನ್ನಿನಲ್ಲಿ ನಡುಗಿತು. ಅವಳು ಡಿಸ್ಕುಗಳನ್ನು ಎದೆಗೆ ಒತ್ತಿಕೊಂಡು ಕಾಲುಗಳನ್ನು ಎದುರಿನ ಕಬ್ಬಿಣದ ಚೌಕಟ್ಟಿಗೆ ಊರಿದಳು.

"ಈಗ?"

ಈ ಸಲ ಲೆಕ್ಕ ಬರಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ, ನೆಲಕ್ಕೆ ಕೆನ್ನೆ ಒತ್ತಿದ ಬಾಯಿಯೊಂದು ಏದುಸಿರು ಬಿಡುತ್ತ ಹೇಳಿತು:

"ಇದ್ದೀನಿ. ನೀನು ತೆಗೀಬೇಡ."